ಮೊದ್ಲ ಫಿಲ್ಟರ್, ಆಮ್ಯಾಲ ಟ್ರಾನ್ಸಿಸ್ಟರ್: 137 ಮೆಗಾಹರ್ಟ್ಸ್ ಎಲ್‌ಎನ್‌ಎ ಅಪ್‌ಡೇಟ್

ಕಡೀಕ ಬೋರ್ಡ್ ತಗಡಿನ ಡಬ್ಬಿ ಒಳಗ ಕುಂತ್ತು, ಹಂಗಾಗಿ ಇಲ್ಲೀತನ ಏನಾತು ಅಂತ ಬರದು ಇಡಾಕತ್ತೀನಿ. ಹೊಸಬರಿಗೆ ಹೇಳ್ಬೇಕಂದ್ರ, ಇದು ರಷ್ಯಾದ ಮೆಟಿಯೋರ್-ಎಂ ಹವಾಮಾನ ಸ್ಯಾಟಲೈಟ್ ಕಳಸೋ ಎಲ್‌ಆರ್‌ಪಿಟಿ (ಡಿಜಿಟಲ್) ಚಿತ್ರ ಹಿಡಿಯೋ ಸಲುವಾಗಿ ಮಾಡಿದ ಲೋ ನಾಯ್ಸ್ ಆಂಪ್ಲಿಫೈಯರ್ (ಎಲ್‌ಎನ್‌ಎ), ಅಂದ್ರ ತನ್ನ ಗದ್ದಲ ಭಾಳ ಕೂಡಸದ ಸಣ್ಣ ಸಿಗ್ನಲ್ ದೊಡ್ಡದ ಮಾಡೋದು, ಫ್ರೀಕ್ವೆನ್ಸಿ 137.9 ಮೆಗಾಹರ್ಟ್ಸ್. ಅಮೆರಿಕಾದ ಹವಾಮಾನ ಸಂಸ್ಥೆ ನೋವಾದವರ ಹಳೇ ಎಪಿಟಿ (ಅನಲಾಗ್ ಚಿತ್ರ ಕಳಸೋ) ಸ್ಯಾಟಲೈಟ್ ಮೂರೂ 2025ರಾಗ ಬಂದ್ ಆದ್ವಲ್ಲ, ಈಗ ಈ ಬ್ಯಾಂಡ್‌ನ್ಯಾಗ ನಮ್ಮಂಥವ್ರಿಗೆ ಚಿತ್ರ ಕೊಡೋದು ಇವೇ. ಬಾಗಲಕೋಟಿ ನವನಗರದಾಗ ನಮ್ಮನಿ ಮಾಳಗಿ ಮ್ಯಾಲ 120 ಡಿಗ್ರಿ ವಿ-ಡೈಪೋಲ್ ಆಂಟೆನಾ ಐತಿ, ಒಂದೊಂದು ಕಡ್ಡಿ 53.4 ಸೆಂಟಿಮೀಟರ್, ಅಲ್ಲಿಂದ ಕೆಳಗ ಲ್ಯಾಪ್‌ಟಾಪ್ ತನ ಸುಮಾರು 15 ಮೀಟರ್ ಆರ್‌ಜಿ-58 ಕೇಬಲ್.

ಆ ಕೇಬಲ್ಲೇ 3 ಡಿಬಿ (ಡೆಸಿಬೆಲ್) ಹತ್ರ, ಅಂದ್ರ ಅರ್ಧ ಸಿಗ್ನಲ್ ತಿಂತೈತ್ರಿ. ರಿಸೀವರ್ ನಾಯ್ಸ್ ಫಿಗರ್ (ಅದು ತಾನೇ ಕೂಡ್ಸೋ ಗದ್ದಲದ ಅಳತಿ) 6 ಡಿಬಿ ಅಂತ ಹಿಡದ್ರ ಎರಡೂ ಕೂಡಿ 9 ಆತು. ಫ್ರಿಸ್ ಸೂತ್ರ ಏನ್ ಹೇಳ್ತೈತಿ ಅಂದ್ರ ಮೊದಲ್ನೇ ಸ್ಟೇಜಿನ ಗೇನ್ (ಸಿಗ್ನಲ್ ಎಷ್ಟು ದೊಡ್ಡದ ಮಾಡ್ತೈತಿ ಅನ್ನೋದು) ಅದರ ಹಿಂದ ಬರೋ ಸ್ಟೇಜ್‌ಗಳ ನಾಯ್ಸನ್ನ ಭಾಗಿಸಿ ಸಣ್ಣದ ಮಾಡ್ತೈತಿ, ಅದಕ್ಕ 1 ಡಿಬಿ ನಾಯ್ಸ್ ಫಿಗರ್, 18 ಡಿಬಿ ಗೇನ್ ಇರೋ ಎಲ್‌ಎನ್‌ಎನ ಆಂಟೆನಾ ಬುಡಕ್ಕ ಹಚ್ಚಿದ್ರ ಪೂರಾ ಸಿಸ್ಟಮ್ 1.4 ಡಿಬಿ ಸುತ್ತಮುತ್ತ ಬಂದ್ ನಿಲ್ತೈತಿ. ಅದೇ ಎಲ್‌ಎನ್‌ಎನ ಕೆಳಗ ರಿಸೀವರ್ ಬಾಜೂಕ ಇಟ್ರ ಕೇಬಲ್ ತಿಂದಿದ್ದು ವಾಪಸ್ ಬರಂಗಿಲ್ಲ.

ಈಗ ತಕರಾರು ಇರೋದು ಫಿಲ್ಟರ್ ಎಲ್‌ಎನ್‌ಎ ಮುಂದಿರಬೇಕೋ (ಆಂಟೆನಾ ಕಡೆ) ಹಿಂದೋ ಅಂತ. ಮುಂದ ಹಾಕಿದ್ರ ಅದರ ಲಾಸ್ ಸೀದಾ ನಾಯ್ಸ್ ಫಿಗರಿಗೆ ಸೇರ್ತೈತಿ, ಅದಕ್ಕ ಎಲ್ಲಾರೂ ಹಿಂದ ಹಾಕು ಅಂತಾರ. 1420 ಮೆಗಾಹರ್ಟ್ಸ್ ಹೈಡ್ರೋಜನ್ ಲೈನ್ (ಆಕಾಶದಾಗಿನ ಹೈಡ್ರೋಜನ್ ಬಿಡೋ ರೇಡಿಯೋ ಸಿಗ್ನಲ್) ನೋಡೋರಿಗೆ ಆ ಮಾತು ಖರೆ, ಅಲ್ಲೆ ಆಕಾಶ ಭಾಳ ತಣ್ಣಗ, ಅಂದ್ರ ಗದ್ದಲ ಕಡಿಮಿ, 0.1 ಡಿಬಿಗೂ ಬೆಲಿ ಐತಿ. 137ಕ್ಕ ಆಕಾಶದ ನಾಯ್ಸೇ ಸರಾಸರಿ 400 ಕೆಲ್ವಿನ್ ಸುತ್ತ, ಗ್ಯಾಲಕ್ಸಿ ನಡುವಿನ ಕಡೆ ಇನ್ನೂ ಜಾಸ್ತಿ. 1 ಡಿಬಿ ಲಾಸ್ ಇರೋ ಎಫ್‌ಎಂ ಬ್ಯಾಂಡ್‌ಸ್ಟಾಪ್ ಫಿಲ್ಟರ್ (ಎಫ್‌ಎಂ ಸ್ಟೇಷನ್ ತಡೆಯೋದು) ಮುಂದ ಹಾಕಿ ಲೆಕ್ಕ ಮಾಡಿದ್ರ ಸಿಗ್ನಲ್-ನಾಯ್ಸ್‌ನ್ಯಾಗ ಹೋಗೋದು ಮುಕ್ಕಾಲು ಡಿಬಿ ಅಷ್ಟ. ಅದನ್ನ ಉಳಸ್ಕೋಬೇಕಂತ 88ರಿಂದ 108ರ ತನ ಇರೋ ಎಫ್‌ಎಂ ಸ್ಟೇಷನ್ ಎಲ್ಲಾ ಟ್ರಾನ್ಸಿಸ್ಟರ್ ಒಳಗ ಬಿಟ್ಕೊಂಡು ಓವರ್‌ಲೋಡ್ ಮಾಡ್ಕೊಳ್ಳೋದು ನಂಗೇನ್ ಶಾಣ್ಯಾತನ ಅನಸಂಗಿಲ್ಲ. ಫಿಲ್ಟರ್ ಮುಂದ, ಮುಗೀತು.

ಟ್ರಾನ್ಸಿಸ್ಟರ್ ಬಿಎಫ್998, ಎರಡು ಗೇಟಿನ ಮಾಸ್‌ಫೆಟ್, ಹಳೇ ಟಿವಿ ಟ್ಯೂನರ್‌ನ್ಯಾಗ ಇರ್ತಿತ್ತಲ್ಲ ಅಂಥಾದ್ದು. ಡೇಟಾಶೀಟ್ ಪ್ರಕಾರ 200 ಮೆಗಾಹರ್ಟ್ಸಿಗೆ 0.6 ಡಿಬಿ, ಆದ್ರ ಸೋರ್ಸ್ ಕಂಡಕ್ಟನ್ಸ್ 2 ಮಿಲಿಸೀಮೆನ್ಸ್ ಇದ್ದಾಗ, ಅಂದ್ರ 500 ಓಮ್. ಆಂಟೆನಾ 50 ಓಮ್. ಹತ್ತು ಪಟ್ಟು ಏರಿಸ್ಬೇಕು ಅಂದ್ರ ಸುತ್ತಿನ ಲೆಕ್ಕದಾಗ ಮೂರು ಪಟ್ಟು ಚಿಲ್ರೆ, ಹಂಗಾಗಿ 6 ಸುತ್ತಿನ ಕಾಯಿಲ್‌ಗೆ ಗ್ರೌಂಡ್ ಕಡಿಂದ 2ನೇ ಸುತ್ತಿಗೆ ಟ್ಯಾಪ್. ಇದು ನಾಯ್ಸ್ ಮ್ಯಾಚ್, ಪವರ್ ಮ್ಯಾಚ್ ಅಲ್ಲ, ಎಸ್11 (ಎಷ್ಟು ಸಿಗ್ನಲ್ ವಾಪಸ್ ಹೊಡೀತೈತಿ ಅನ್ನೋ ಅಳತಿ) ಚಂದ ಕಾಣಂಗಿಲ್ಲ, ಕಾಣೋದೂ ಬ್ಯಾಡ. ತಂತಿ ಪಂಪ್ ಮೋಟರ್ ವೈಂಡಿಂಗ್ ಮಾಡೋ ಅಂಗಡ್ಯಾಗ ಸಿಕ್ತು, 0.8 ಎಂಎಂ ಇನಾಮಲ್, ಎಷ್ಟು ಬೇಕು ಅಂದಾಗ ಒಂದು ಗೇಣು ಸಾಕು ಅಂದಿದ್ದಕ್ಕ ಅವ್ರು ನಕ್ಕು ರೊಕ್ಕನ ತಗೊಳ್ಳಿಲ್ಲ. 5 ಎಂಎಂ ಡ್ರಿಲ್ ಬಿಟ್ ಮ್ಯಾಲ ಸುತ್ತಿ 8 ಎಂಎಂ ಉದ್ದಕ್ಕ ಎಳದ್ರ 112 ನ್ಯಾನೋಹೆನ್ರಿ ಹತ್ರ ಬರ್ತೈತಿ, ಗೇಟಿನ 2.1 ಪಿಎಫ್ (ಪಿಕೋಫ್ಯಾರಡ್) ಸೇರಿ ಒಟ್ಟು 12 ಪಿಎಫ್‌ಗೆ ಟ್ರಿಮ್ಮರ್ ತಿರುವಿದ್ರ 137ರಾಗ ರೆಸೊನೆನ್ಸ್. ಕಾಯಿಲ್ ಒಂದು ತುದಿ ಗ್ರೌಂಡಿಗೆ ಇರೋದ್ರಿಂದ ಗಾಳಿ ಬೀಸಿದಾಗ ಆಂಟೆನಾದಾಗ ಕೂಡೋ ಸ್ಟ್ಯಾಟಿಕ್ ಅಲ್ಲೇ ಇಳದ್ ಹೋಗ್ತೈತಿ, ಇದು ಪುಕ್ಸಟ್ಟೆ ಸಿಕ್ಕ ಲಾಭ. ಈ ಒಂದ ಟ್ಯಾಂಕ್ (ಕಾಯಿಲ್-ಟ್ರಿಮ್ಮರ್ ಜೋಡಿ) 98 ಮೆಗಾಹರ್ಟ್ಸಿಗೆ ಬರೇ 11 ಡಿಬಿ ತಡೀತೈತಿ, ಅದಕ್ಕ ಬೇರೆ ಬ್ಯಾಂಡ್‌ಸ್ಟಾಪ್ ಬೇಕೇ ಬೇಕು.

ಬಯಾಸ್ (ಟ್ರಾನ್ಸಿಸ್ಟರಿಗೆ ಕೊಡೋ ಡಿಸಿ ವೋಲ್ಟ್, ಕರೆಂಟ್) ವಿಷಯ: ಗೇಟ್ 1 ಸೊನ್ನೆ ವೋಲ್ಟಿಗಿದ್ರ ಕರೆಂಟ್ ಪೀಸಿಂದ ಪೀಸಿಗೆ 2ರಿಂದ 18 ಮಿಲಿಆಂಪ್ ತನ ಬದಲಾಗ್ತೈತಿ, ಹಿಂಗಾಗಿ ಸೋರ್ಸಿಗೆ ರೆಸಿಸ್ಟರ್ ಹಾಕಿ 10ಕ್ಕ ತಂದೀನಿ. ಕೇಬಲ್‌ನ್ಯಾಗ 12 ವೋಲ್ಟ್ ಮ್ಯಾಲ ಹೋಗ್ತೈತಿ, ಅಲ್ಲೆ 7808 ರೆಗ್ಯುಲೇಟರ್ ಅದನ್ನ 8 ವೋಲ್ಟಿಗೆ ಇಳಸ್ತೈತಿ, ಗೇಟ್ 2ಕ್ಕ 4 ವೋಲ್ಟ್.

ಇನ್‌ಪುಟ್ ಖಾಲಿ ಬಿಟ್ರ ಮೊದ್ಲ ಆಸಿಲೇಟ್ ಆಗ್ತಿತ್ತು, ಅಂದ್ರ ತಾನೇ ಸಿಗ್ನಲ್ ಹುಟ್ಟಸ್ತಿತ್ತು. ಡ್ರೇನ್‌ನ್ಯಾಗ 22 ಓಮ್, ಗೇಟ್ 2ರ ಪಿನ್ನಿಗೆ ಒತ್ತಿ 1 ನ್ಯಾನೋಫ್ಯಾರಡ್ ಕೆಪ್ಯಾಸಿಟರ್, ಅಷ್ಟಕ್ಕ ಸುಮ್ನಾತು. ನ್ಯಾನೋವಿಎನ್‌ಎ (ಸಣ್ಣ ಅಳತಿ ಉಪಕರಣ) ಇಂದ ಗೇನ್ ಅಳೀವಾಗ ಎಲ್‌ಎನ್‌ಎ ಮುಂದ 40 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ಇಳಸೋದು) ಹಾಕ್ರಿ, ಇಲ್ಲಂದ್ರ ಅದರ ಸಿಗ್ನಲ್ಲೇ ಜೋರಾಗಿ ಎಲ್‌ಎನ್‌ಎ ಸ್ಯಾಚುರೇಟ್ ಆಗಿ ಸುಳ್ಳು ನಂಬರ್ ತೋರಸ್ತೈತಿ. ನಂಗ 18 ಡಿಬಿ ಬಂತು.

ನಾಯ್ಸ್ ಫಿಗರ್ ಅಳಿಯಾಕ ಬೇಕಾಗೋ ನಾಯ್ಸ್ ಸೋರ್ಸ್ ನನ್ ಹತ್ರ ಇಲ್ಲ, ಅದಕ್ಕ ಆಂಟೆನಾ ತಗದು 50 ಓಮ್ ಡಮ್ಮಿ (ಬರೇ ರೆಸಿಸ್ಟರ್) ಹಾಕಿ ನೋಡಿದ್ದು. ಆಂಟೆನಾ ಹಚ್ಚಿದಾಗ ನಾಯ್ಸ್ ಫ್ಲೋರ್ (ಸಿಗ್ನಲ್ ಇಲ್ಲದಾಗಿನ ಗದ್ದಲದ ಮಟ್ಟ) 4 ಡಿಬಿ ಏರತೈತಿ, ಅಂದ್ರ ಇನ್ ಮ್ಯಾಲ ಹೊರಗಿನ ನಾಯ್ಸೇ ದೊಡ್ಡದು, ಟ್ರಾನ್ಸಿಸ್ಟರ್ ಬದಲ್ಸಿ ಉಪಯೋಗಿಲ್ಲ. ಒಂದಿನ ಸಂಜೀಕ ಓಣಿ ಪೂರಾ ಕರೆಂಟ್ ಹೋತು, ಎಲ್ಲಾ ಬ್ಯಾಟರಿ ಮ್ಯಾಲ ಇತ್ತು, ಆವಾಗ ಅದೇ 4 ಇದ್ದಿದ್ದು 2ಕ್ಕ ಇಳೀತು! ಎಲ್‌ಇಡಿ ಬಲ್ಬ್, ಚಾರ್ಜರ್ ಇವೇ ಅರ್ಧ ಗದ್ದಲ ಮಾಡಾಕತ್ತಾವು. ಮುಂದಿನ ಕೆಲಸ ಎಲ್‌ಎನ್‌ಎದ್ದಲ್ಲ ಹಂಗಾರ, ಮೊದ್ಲ ನಮ್ಮನಿ ಬಲ್ಬ್ ಒಂದೊಂದ ಆರಿಸಿ ಯಾವುದು ಜಾಸ್ತಿ ಕೂಗ್ತೈತಿ ಅಂತ ಹುಡಕೋದು, ಡೈಪೋಲ್‌ನ ನೀರಿನ ಟ್ಯಾಂಕ್ ಆಚೆ ತುದಿಗೆ ಸರಸೋದು, ಕೇಬಲ್ ಮ್ಯಾಲ ಫೆರೈಟ್ ಹಾಕೋದು.