ಬಿಡುವಿನ ಒಂದು ಗಂಟೆಗೆ ಎಷ್ಟು ರೂಪಾಯಿ?

ತಿಂಗಳ ಬಾಡಿಗೆ ಕಟ್ಟಿ ವಿಡಿಯೋ ಗೇಮ್ ಆಡುವ ಗೇಮ್ ಪಾಸ್ ತಗೊಳ್ಳಲಾ, ಇಲ್ಲಾ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬೇಕಾದ ಗೇಮನ್ನಷ್ಟೇ ಕೊಳ್ಳಲಾ ಎಂದು ಕೇಳುವವರು ಬೆನ್ನಿಗೇ ಇನ್ನೊಂದು ಪ್ರಶ್ನೆ ಎಸೆಯುತ್ತಾರೆ: 'ನಮ್ಮ ಟೈಮಿಗೂ ಬೆಲೆ ಇದೆಯಲ್ಲ ಸಾರ್, ಅದನ್ನೂ ಲೆಕ್ಕಕ್ಕೆ ಹಿಡೀಬೇಡ್ವಾ?' ಕೆಲವರು ಸಂಬಳವನ್ನು ಗಂಟೆಗಳಿಂದ ಭಾಗಿಸಿಕೊಂಡೇ ಬಂದಿರುತ್ತಾರೆ. ಗಂಟೆಗೆ 500 ರೂಪಾಯಿ ದುಡಿಯುವವನು 60 ಗಂಟೆಯ ಗೇಮ್ ಆಡಿದರೆ 30,000 ಕೈಬಿಟ್ಟಂತಂತೆ.

ಏನೂ ಕೈಬಿಡಲಿಲ್ಲ. ರಾತ್ರಿ ಊಟ ಮುಗಿಸಿ ಕಂಟ್ರೋಲರ್ ಹಿಡಿದವನಿಗೆ ಆ ಹೊತ್ತಿನಲ್ಲಿ 500 ಕೊಡಲು ಯಾರೂ ಬಾಗಿಲಲ್ಲಿ ಕಾದು ನಿಂತಿರುವುದಿಲ್ಲ. ಕ್ಯಾಬ್ ಓಡಿಸುವವರು, ಓವರ್‌ಟೈಮ್ ಸಿಗುವವರು ಹಾಗೆ ಲೆಕ್ಕ ಹಾಕಿದರೆ ಒಪ್ಪೋಣ. ತಿಂಗಳ ಸಂಬಳದವರಿಗೆ ಅದು ಹೊಂದುವುದಿಲ್ಲ. ಮನರಂಜನೆಯ ಖರ್ಚೆಂದರೆ ಟಿಕೆಟ್ಟಿನ ದುಡ್ಡಷ್ಟೇ ಅಲ್ಲ, ಅದಕ್ಕೆ ಹಿಡಿಯುವ ಹೊತ್ತೂ ಹೌದು ಎಂದು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1965ರಲ್ಲೇ ವಾದಿಸಿದ್ದರು. ಹೊತ್ತನ್ನು ಸೇರಿಸೋಣ. ಆಫೀಸಿನ ದರದಲ್ಲೇ ಯಾಕೆ ಸೇರಿಸಬೇಕು?

ಹಾಗಂತ ಬಿಟ್ಟಿಯೂ ಅಲ್ಲ. ನಮ್ಮ ಬಿಡುವಿನ ದರ ನಮಗಿಂತ ಚೆನ್ನಾಗಿ ಗೊತ್ತಿರುವುದು ಗೇಮ್ ಮಾರುವವರಿಗೆ. ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ಎಂಬ ಮೊಬೈಲ್ ಗೇಮ್‌ನಲ್ಲಿ ಒಂದು ಕಟ್ಟಡ ಏಳಲು ಗಂಟೆಗಟ್ಟಲೆ, ದಿನಗಟ್ಟಲೆ ಕಾಯಬೇಕು. ಕಾಯಲಾರದವರಿಗೆ, ದುಡ್ಡಿಗೆ ಸಿಗುವ ಜೆಮ್ ಕೊಟ್ಟು ಈಗಲೇ ಮುಗಿಸುವ ಬಟನ್ ಇದೆ. ಕಾಯುವ ಹೊತ್ತಿನ ಬೆಲೆ ಆ ಬಟನ್ ಮೇಲೇ ಬರೆದಿರುತ್ತದೆ. ಇದು ಫ್ರೀ ಗೇಮು, ಹೋಗಲಿ ಅನ್ನಬಹುದು. ಆದರೆ 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಪೂರ್ತಿ ದುಡ್ಡು ಕೊಟ್ಟು ಕೊಳ್ಳುವ ಗೇಮ್. ಅದರಲ್ಲಿ ಖಳನಾಯಕ ಡಾರ್ತ್ ವೇಡರ್ ಆಗಿ ಆಡಲು, ಆಡುತ್ತ ಗಳಿಸುವ 60,000 ಕ್ರೆಡಿಟ್ ಬೇಕಿತ್ತು. ಸುಮಾರು 40 ಗಂಟೆಯ ದುಡಿಮೆ ಎಂದು ಆಟಗಾರರು ಲೆಕ್ಕ ಹಾಕಿ ರೊಚ್ಚಿಗೆದ್ದ ಮೇಲೆ ಗೇಮಿನ ಕಂಪನಿ ಇಎ ಅದನ್ನು 15,000ಕ್ಕೆ ಇಳಿಸಿತು. ಮರುವರ್ಷದ ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿಯಲ್ಲಿ ಯೂಬಿಸಾಫ್ಟ್ ಕಂಪನಿ, ಆಟದಲ್ಲಿ ಬೇಗ ಬೇಗ ಮೇಲಿನ ಹಂತಕ್ಕೆ ಏರಿಸುವ ಎಕ್ಸ್‌ಪಿ ಬೂಸ್ಟರನ್ನು ಹತ್ತು ಡಾಲರಿಗೆ ಮಾರಿತು: ಕೊಂಡ ಗೇಮನ್ನು ಕಡಿಮೆ ಆಡಲು ಮತ್ತೆ ದುಡ್ಡು! ಹೋಟೆಲಿನವನು ಊಟದ ಬಿಲ್ ಹಾಕಿ, ಬೇಗ ಏಳಬೇಕಾದರೆ ಇನ್ನಷ್ಟು ಕೊಡಿ ಅಂದಂತೆ.

ಅದಕ್ಕೇ 'ರೂಪಾಯಿಗೆ ಎಷ್ಟು ಗಂಟೆ ಆಟ' ಎಂಬ ಅಳತೆ ನನಗೆ ಹಿಡಿಸುವುದಿಲ್ಲ. ಆ ಅಳತೆಯಲ್ಲಿ ಎಳೆದೆಳೆದು ಉದ್ದ ಮಾಡಿದ ಗೇಮೇ ಯಾವಾಗಲೂ ಗೆಲ್ಲುತ್ತದೆ. ಎ ಶಾರ್ಟ್ ಹೈಕ್ ಎಂಬ ಪುಟ್ಟ ಗೇಮ್ ಒಂದೇ ಸಂಜೆಗೆ ಮುಗಿಯುತ್ತದೆ, ಒಂದು ನಿಮಿಷವೂ ದಂಡವಲ್ಲ. ಅಳತೆಗೆ ಹಾಕಿದರೆ ಅದು ದುಬಾರಿ ಗೇಮ್.

ಗೇಮ್ ಪಾಸ್‌ನಂಥ ಸಬ್‌ಸ್ಕ್ರಿಪ್ಷನ್ನಿನಲ್ಲಿ ನೂರಾರು ಗೇಮ್ ಇವೆ ಎಂಬುದನ್ನು ಮರೆತುಬಿಡಿ. ವಾರಕ್ಕೆ ಐದು ಗಂಟೆ ಸಿಗುವವರಿಗೆ 60 ಗಂಟೆಯ ಗೇಮ್ ಅಂದರೆ ಹತ್ತಿರಹತ್ತಿರ ಮೂರು ತಿಂಗಳ ಬಾಡಿಗೆ, ಅಷ್ಟರಲ್ಲಿ ಆ ಗೇಮೇ ಪಟ್ಟಿಯಿಂದ ಹೊರಗೆ ಹೋದರೂ ಹೋಯಿತು. ಅಂಥದ್ದನ್ನು ಸ್ಟೀಮ್ ಸೇಲ್‌ನಲ್ಲಿ ಕೊಂಡು ನಿಧಾನಕ್ಕೆ ಆಡಿ. ರುಚಿಸದಿದ್ದರೆ, ಕೊಂಡ 14 ದಿನದೊಳಗೆ ಕೇಳಿದರೆ ಮತ್ತು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. ಸಣ್ಣ ಗೇಮ್‌ಗಳನ್ನು ಸಾಲಾಗಿ ಮುಗಿಸುವ ಆಸೆ ಇದ್ದರೆ ಮಾತ್ರ, ದಸರಾ ರಜೆಯಂಥ ಬಿಡುವಿನ ತಿಂಗಳು ನೋಡಿ ಗೇಮ್ ಪಾಸ್ ಹಾಕಿಸಿ. ಆಟೋ ರಿನ್ಯೂವಲ್ ಅವತ್ತೇ ಆಫ್ ಮಾಡಿ, ತಿಂಗಳು ತುಂಬುವವರೆಗೂ ಆಡಲು ಬಿಡುತ್ತಾರೆ.