ಕಡಲ ಮೇಲೆ ಹರಿಕೇನ್‌ನ ಆಯುಷ್ಯ

ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಅಟ್ಲಾಂಟಿಕ್‌ಗೆ ಸರಿಯುವ ಗುಡುಗುಮೋಡಗಳ ಗುಂಪೊಂದು ಕೆಲವೊಮ್ಮೆ, 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುವ ನೀರಿನ ಆವಿಯನ್ನು ಹೀರಿ, ಆ ಆವಿ ಮೇಲೇರಿ ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖದಿಂದ ಬಲಗೊಂಡು, ಭೂಮಿಯ ಆವರ್ತನೆಯಿಂದಾಗಿ ಸುಳಿಯಾಗಿ ತಿರುಗತೊಡಗುತ್ತದೆ. ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಅದಕ್ಕೆ ಹರಿಕೇನ್ ಎಂಬ ಪಟ್ಟ. ಇಂದು ಉಪಗ್ರಹ ಚಿತ್ರಗಳನ್ನು ನೋಡುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕಣ್ಣು: ಸುತ್ತಲೂ ಮೋಡದ ಗೋಡೆ ಅಬ್ಬರಿಸುತ್ತಿದ್ದರೂ, ನಡುವೆ ಗಾಳಿ ಕೆಳಗಿಳಿಯುವುದರಿಂದ ಆಕಾಶ ಬಹುತೇಕ ತಿಳಿಯಾಗಿರುತ್ತದೆ, ಕೆಳಗಿನ ಸಮುದ್ರ ಮಾತ್ರ ಆ ಶಾಂತಿಯನ್ನು ನಂಬದೆ, ದಿಕ್ಕುದಿಕ್ಕಿನ ಅಲೆಗಳಿಂದ ಕುದಿಯುತ್ತಿರುತ್ತದೆ. ವಿಚಿತ್ರವೆಂದರೆ, ಒಂದೆಡೆ ಹೆಚ್ಚು ಹೊತ್ತು ನಿಂತರೆ ಅದು ಆಳದ ತಣ್ಣೀರನ್ನು ಕಲಕಿ ಮೇಲೆತ್ತಿ, ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತದೆ. ಉತ್ತರದ ತಂಪು ಕಡಲಿನಲ್ಲಂತೂ ಕಣ್ಣು ಮುಚ್ಚಿ, ಸುಳಿ ಸಡಿಲಗೊಳ್ಳುತ್ತದೆ.