ಸಂಡೂರು ಗುಡ್ಡದ ನಕ್ಷೆ ಮಾಡಲು ಹೊರಟಿದ್ದೀರಾ? ಹಳ್ಳದಿಂದ ಶುರು ಮಾಡಿ

ಹೋದ ಅಕ್ಟೋಬರ್‌ನಲ್ಲಿ ನಾವು ಮೂವರು ನಾಲ್ಕು ದಿನ ಬಳ್ಳಾರಿ ಜಿಲ್ಲೆಯ ಸಂಡೂರು ಗುಡ್ಡ ಸುತ್ತಿದೆವು. ನಾರಿಹಳ್ಳಕ್ಕೆ ಸೇರುವ ಸಣ್ಣ ಹಳ್ಳಗಳ ನಕ್ಷೆ ಮಾಡಬೇಕಿತ್ತು. ನೀವೂ ಹೊರಟಿದ್ದರೆ ಮೊದಲೇ ಹೇಳುತ್ತೇನೆ, ಗುಡ್ಡದ ನೆತ್ತಿ ನಂಬಿ ಹೋಗಬೇಡಿ, ಹಳ್ಳ ಹಿಡಿದು ಹೋಗಿ.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಹಾಳೆ (ಒಂದು ಸೆಂ.ಮೀ.ಗೆ ಅರ್ಧ ಕಿ.ಮೀ.) ಜೊತೆಗಿರಲಿ. ಹಳೇ ಸಂಖ್ಯೆಯಲ್ಲಿ ಸಂಡೂರು 57ಎ/12, ಗುಡ್ಡದ ಸಾಲು ಪಕ್ಕದ 57ಎ/8ಕ್ಕೂ ಹೋಗುತ್ತದೆ, ಎರಡೂ ಬೇಕು. ರೇಡಾರ್‌ನಿಂದ ನೆಲದ ಎತ್ತರ ಅಳೆದ ಎಸ್‌ಆರ್‌ಟಿಎಂ ಡೇಟಾವನ್ನೂ ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ಗೆ ಹಾಕಿಕೊಳ್ಳಿ. ಆದರೆ ಅದು ಬಾಹ್ಯಾಕಾಶ ನೌಕೆ 2000ದ ಫೆಬ್ರವರಿಯಲ್ಲಿ ಅಳೆದದ್ದು, ಕಬ್ಬಿಣದ ಅದಿರು ಅಗೆಯುವ ಅಬ್ಬರ ಜೋರಾಗಿದ್ದು ಅದಾದ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಎಷ್ಟೋ ಕಡೆ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿತ್ತು. ಹಾಳೆಯಲ್ಲಿರುವ ನೆತ್ತಿ ಕಣ್ಣೆದುರು ಇಲ್ಲದಿದ್ದಾಗ ಕರುಳು ಚುರ್ ಅನ್ನುತ್ತದೆ.

ದಿಕ್ಸೂಚಿಯನ್ನು ಜಾಸ್ತಿ ನಂಬಬೇಡಿ. ನೆಲದ ತುಂಬ ಕಬ್ಬಿಣದ ಕಲ್ಲು, ಅದರಲ್ಲಿ ಮ್ಯಾಗ್ನೆಟೈಟ್ (ಅಯಸ್ಕಾಂತದ ಗುಣವಿರುವ ಅದಿರು) ಇರುವ ಕಡೆ ಮುಳ್ಳು ಎಳೆದುಕೊಳ್ಳುತ್ತದೆ. ಜಿಪಿಎಸ್ ಎತ್ತರದಲ್ಲೂ ನಾವು ಎಡವಿದೆವು. ಮೊದಲ ದಿನದ ಲೆಕ್ಕವೆಲ್ಲ ಹಾಳೆಗಿಂತ 80 ಮೀಟರ್ ಆಸುಪಾಸು ಕಡಿಮೆ! ಮೊಬೈಲ್ ಆ್ಯಪ್ ತೋರಿಸಿದ್ದು ಸಮುದ್ರ ಮಟ್ಟದಿಂದ ಅಲ್ಲ, ಲೆಕ್ಕಕ್ಕಾಗಿ ನಯವಾದ ಮೊಟ್ಟೆಯಂತೆ ಅಂದುಕೊಂಡ ಭೂಮಿಯ ಆಕಾರದಿಂದ ಎತ್ತರ. ಮನೆಯಲ್ಲೇ ಸೆಟ್ಟಿಂಗ್ ನೋಡಿಕೊಳ್ಳಿ, ಇಲ್ಲದಿದ್ದರೆ ನಮ್ಮ ಹಾಗೆ ಒಂದು ದಿನ ಸುಮ್ನೆ ಹೋಗುತ್ತದೆ.

ಇನ್ನೊಂದು, ಹಾಳೆಯಲ್ಲಿ ಒಣ ಹಳ್ಳಕ್ಕೆ ಕಪ್ಪು ಗೆರೆ, ನೀರಿಗೆ ನೀಲಿ. ಕಪ್ಪು ಅಂತ ಬಿಡಬೇಡಿ. ಮಳೆ ಮುಗಿದ ಹೊಸದರಲ್ಲಿ ಅಂಥವೂ ಹರಿಯುತ್ತಿರುತ್ತವೆ, ಕೆಲವು ಕೆಂಪಗೆ.

ಭೀಮಗಂಡಿ, ಓಬಳಗಂಡಿಗೆ ಒಂದೊಂದು ದಿನ ಇಡಿ. ನಾರಿಹಳ್ಳ ಗುಡ್ಡದ ಸಾಲನ್ನು ಸೀಳಿಕೊಂಡು ಹೋಗುವ ಜಾಗಗಳು ಅವು. ಹಾಳೆಯಲ್ಲಿ ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿ ಬಂದರೆ ಏನರ್ಥ ಅಂತ ಅಲ್ಲಿ ನಿಂತರೆ ಕಾಲಿಗೇ ಗೊತ್ತಾಗುತ್ತದೆ.

ಹೊಸಪೇಟೆಯಿಂದ ಬಸ್ ಸಿಗುತ್ತದೆ. ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, ಗಣಿ ಗುತ್ತಿಗೆ ಜಾಗಕ್ಕೆ ಕಾಲಿಡಬೇಡಿ. ಕರಡಿ ಇವೆ, ಸಂಜೆಯೊಳಗೆ ಇಳಿದುಬಿಡಿ.

ದಾರಿಯಲ್ಲಿ ಕುರಿ ಕಾಯುವವರು ಸಿಕ್ಕರೆ ಕೂತು ಮಾತಾಡಿ. ಹಾಳೆಯಲ್ಲಿ ಬರೀ ಗೆರೆಯಾಗಿರುವ ಹಳ್ಳಕ್ಕೆಲ್ಲ ಅವರ ಹತ್ತಿರ ಹೆಸರಿದೆ. ನಮಗೆ ಹನ್ನೊಂದು ಸಿಕ್ಕವು, ಎಲ್ಲವನ್ನೂ ನಕ್ಷೆಗೆ ಬರೆದೆವು.